ಸೀಸದ ತುಂಡು

ಹಳೆಯದರ ಹಾಗೇ ಇರಬೇಕು ತಾತ, ಒಂದು ಮೊಳೆಯೂ ಹೆಚ್ಚುಕಡಿಮೆ ಆಗಬಾರದು
ಅಂದ ಕಯೆತಾನ್, ಟೀವಿ ಕಂಪನಿಯ ಹುಡುಗ,
ಕಿವಿಯಲ್ಲಿ ಬಿಳಿ ಗುಂಡಿ, ಕೈಯಲ್ಲೊಂದು ಫೋಟೊ:
ಎಂಬತ್ತಮೂರರ ಚಳಿಗಾಲ, ಕಾತೊವಿತ್ಸೆಯ ಸ್ಟುಡಿಯೊ,
'ಶನಿವಾರದ ಚಕ್ರ'.
ಅದರ ಪಕ್ಕ ಮೀಸೆ ಹೊತ್ತ ನಾನು, ಅರ್ಧ ಮಾತ್ರ.
ಇನ್ನರ್ಧ ಚೌಕಟ್ಟಿನಾಚೆ.

ಜನಕ್ಕೆ ಈಗ ನೆನಪು ಬೇಕಂತೆ.
ಬೆರಳಾಡಿಸಿದರೆ ಪರದೆಯ ಮೇಲೆ ತಿರುಗುವ ಚಕ್ರ ಬೇಡವಂತೆ,
ಮರ ಬೇಕಂತೆ, ಎಣ್ಣೆಯ ವಾಸನೆ ಬೇಕಂತೆ.
ವಾಸನೆ ಟೀವಿಯಲ್ಲಿ ಹೇಗೆ ಬರುತ್ತದೋ, ನಾನು ಕೇಳಲಿಲ್ಲ.

ಸರಿ, ಮಾಡಿದೆ.
ಬೀಚ್ ಮರದ ಇಪ್ಪತ್ತನಾಲ್ಕು ಹೋಳು,
ಅಷ್ಟೇ ಹಿತ್ತಾಳೆ ಗೂಟ,
ನಾಲಿಗೆಗೆ ನನ್ನದೇ ಹಳೇ ಬೆಲ್ಟಿನ ತೊಗಲು.
ಹೊಸ ತೊಗಲು ಮಾತಾಡುವುದಿಲ್ಲ, ಗೊಣಗುತ್ತದೆ;
ನಲವತ್ತು ವರ್ಷ ಹೊಟ್ಟೆ ಕಟ್ಟಿದ್ದಕ್ಕೇ
ಟಕ್ ಅನ್ನುವ ಎದೆ.

ಬಣ್ಣ ಬಳಿದೆ: ಛತ್ರಿ, ಕಾಫಿ ಗಿರಣಿ, ಗೋಡೆ ಗಡಿಯಾರ, ಬರಿಗೈ,
ಮತ್ತೆ ಛತ್ರಿ, ಮತ್ತೆ ಬರಿಗೈ,
ಹದಿನೇಳನೆಯ ಮನೆಯಲ್ಲಿ, ನೀಲಿಯ ಮೇಲೆ ಬಿಳಿ,
ಬಟ್ಟೆ ಒಗೆಯುವ ಯಂತ್ರ.

ಇನ್ನೊಂದು ಉಳಿದಿತ್ತು, ಹೇಳಬೇಕಾದ್ದು.
ಅಥವಾ ಹಾಕಬೇಕಾದ್ದು.

ಆ ವರ್ಷ ಇಡೀ ಕಾರ್ಯಕ್ರಮಕ್ಕೆ ಇದ್ದದ್ದು ಒಂದೇ ಯಂತ್ರ.
ವಾರವಾರ ಅದನ್ನೇ ಒರೆಸಿ, ರಿಬ್ಬನ್ ಕಟ್ಟಿ,
ದೀಪದ ಕೆಳಗೆ ಮದುಮಗಳ ಹಾಗೆ ನಿಲ್ಲಿಸುತ್ತಿದ್ದೆವು.
ಹೊರಗೆ ಅಂಗಡಿಗಳಲ್ಲಿ ವಿನೆಗರ್ ಬಾಟಲಿ ಬಿಟ್ಟರೆ ಗಾಳಿ.
ಮೇಲಿನವರು ಕರೆದರು, ಬಾಗಿಲು ಹಾಕಿದರು:
ಅಲೋಯ್ಜಿ, ಅದನ್ನು ಯಾರಾದರೂ ಗೆದ್ದರೆ
ಮುಂದಿನ ವಾರ ಏನು ತೋರಿಸೋಣ?
ನಾನು ಮೀನು ಹಿಡಿಯುವವ. ಗಾಳದ ಸೀಸ ಕರಗಿಸಿ
ಹದಿನೇಳರ ಬೆನ್ನು ಕೊರೆದು ಹೊಯ್ದೆ. ಮೇಲೆ ಮೇಣ, ಅದರ ಮೇಲೆ ಬಣ್ಣ.
ಅಲ್ಲಿಂದಾಚೆ ಆ ಮನೆ ಮೇಲೇರುವಾಗ ಏದುಸಿರು ಬಿಡುತ್ತಿತ್ತು,
ತುದಿ ಮುಟ್ಟುವ ಮುಂಚೆ ಮನಸ್ಸು ಬದಲಿಸುತ್ತಿತ್ತು.

ಎಲ್ಫ್ರೀದಾ ಬಂದದ್ದು ಫೆಬ್ರವರಿಯಲ್ಲಿ.
ಗಂಡ ಕಲ್ಲಿದ್ದಲ ಗಣಿಯಲ್ಲಿ, ಮೂವರು ಮೈದುನರೂ ಅಲ್ಲೇ;
ವಾರಕ್ಕೆ ಇಪ್ಪತ್ತನಾಲ್ಕು ಕಪ್ಪು ಅಂಗಿ,
ಸೋಡಾ ತಿಂದ ಬೆರಳು.
ತಿರುಗಿಸಿದಳು. ಒಂದು ಗೂಟ, ಒಂದೇ ಒಂದು ಗೂಟ ಈಚೆ ನಿಂತಿತು.
ಕೈಗೆ ಬಂದದ್ದು ಛತ್ರಿ.
ಸಭೆಯೆಲ್ಲ ಅಯ್ಯೋ ಎಂದ ಆ ಅಯ್ಯೋ
ಈಗಲೂ ಟೇಪಿನಲ್ಲಿದೆಯಂತೆ, ಜಾಹೀರಾತಿಗೆ ಅದನ್ನೇ ಹಾಕುತ್ತಾರಂತೆ.

ಸೀಸ ನನ್ನ ಜೇಬಿನಲ್ಲಿದೆ. ಅದೇ ತುಂಡು.
ಹಳೆಯ ಚಕ್ರ ಒಲೆಗೆ ಹೋದಾಗ ಬೂದಿ ಕೆದಕಿ ತೆಗೆದದ್ದು.
ಹಳೆಯದರ ಹಾಗೇ ಅಂದರೆ ಇದೂ ಸೇರಬೇಕಲ್ಲ ಹುಡುಗ,
ಇದಿಲ್ಲದೆ ಅದೆಂಥ ಹಳೆಯದು?
ಮೂರು ರಾತ್ರಿ ಬೈರಿಗೆ ಹಿಡಿದು ಹದಿನೇಳರ ಹಿಂದೆ ನಿಂತೆ.
ಕೊರೆಯಲಿಲ್ಲ.
ಒಳ್ಳೆಯತನ ಅಂತೇನಲ್ಲ, ಕೈ ನಡುಗಿತು, ವಯಸ್ಸು.

ಇವತ್ತು ತಾಲೀಮು. ಮುಖ್ಯ ಅತಿಥಿ ಎಲ್ಫ್ರೀದಾ.
ಎಪ್ಪತ್ತೆಂಟು, ಮೊಣಕಾಲಿಗೆ ಪಟ್ಟಿ, ಕೈಯಲ್ಲಿ
ಅದೇ ಛತ್ರಿ, ಎರಡು ಕಡ್ಡಿ ಬದಲಾಗಿದೆ.
ಮನೆಯಲ್ಲೀಗ ಯಂತ್ರ ಎರಡಂತೆ, ಒಂದು ಬರೀ ಒಣಗಿಸಲು;
ಒಗೆಯಲಿಕ್ಕೆ ಅವಳೊಬ್ಬಳ ಬಟ್ಟೆ.

ತಿರುಗಿಸಿದಳು.
ಟಕಟಕಟಕ ಟಕ ಟಕ ಟಕ್. ಟಕ್.
ಟಕ್.
ಒಂದು ಗೂಟ ಈಚೆ.
ಸೀಸವಿಲ್ಲದ ಚಕ್ರ, ನನ್ನ ಉಳಿಯಾಣೆ, ಒಂದು ಗೂಟ ಈಚೆ!
ಕಯೆತಾನ್ ಕುಣಿದ, ಬೇಕೆಂದರೂ ಹೀಗೆ ಬರದು ಎಂದ.
ಇಷ್ಟು ವರ್ಷ ಹೊತ್ತ ನನ್ನ ತಪ್ಪು
ನಿಲ್ಲಲು ನೆಲವಿಲ್ಲದೆ ತಡಬಡಿಸಿತು.

ಅವಳು ನೋಡಿದ್ದು ಚಕ್ರವನ್ನಲ್ಲ, ನನ್ನ ಕೋಟನ್ನು,
ಎಡಕ್ಕೆ ಜೋತ ಜೇಬನ್ನು.
"ನಮ್ಮವರು ಸುರಂಗದ ಆಸರೆ ಕಂಬ ಬಡಿದು
ಟೊಳ್ಳೋ ಗಟ್ಟಿಯೋ ಹೇಳುತ್ತಿದ್ದರು. ನನಗೂ ಕಲಿಸಿದ್ದರು.
ಆವತ್ತು ಇದರ ಸದ್ದು ಬೇರೆ ಇತ್ತು, ಮೇಸ್ತ್ರಿ."
ಅಷ್ಟೇ ಅಂದಳು.

ಬಾಯಿ ತೆರೆದೆ.
ಅಷ್ಟರಲ್ಲಿ ಕತ್ತಲ ಕಡೆಯಿಂದ ಕಯೆತಾನ್: ಎರಡನೇ ಕ್ಯಾಮೆರಾ ಹಿಡಿದಿಲ್ಲ,
ಇನ್ನೊಮ್ಮೆ ಅಜ್ಜಿ, ಇನ್ನೊಮ್ಮೆ, ಹಾಗೇ ಬರಲಿ!
ಅವಳು ಛತ್ರಿಯನ್ನು ನನ್ನ ಕೈಗೆ ಕೊಟ್ಟು
ಎರಡೂ ಅಂಗೈ ಸ್ಕರ್ಟಿಗೆ ಒರೆಸಿಕೊಂಡು
ಗೂಟ ಹಿಡಿದಳು.